ಅಕ್ಕನ ಕೋಣೆಯ ಸಿಗ್ನಲ್

ಮಾರ್ಚ್ 3, ಮಂಗಳವಾರ

ಇದನ್ನು ಬರೆಯದೇ ಬಿಡುವುದರಲ್ಲಿದ್ದೆ. ಇವತ್ತು ಕ್ಲಾಸಿನ ಮಧ್ಯೆ ನೆಟ್ ಹೋದಾಗ ನನಗೆ ಹಾಯೆನಿಸಿತು. ಇನ್ನರ್ಧ ಗಂಟೆ ಯಾರೂ ಏನೂ ಕೇಳುವುದಿಲ್ಲ ಎಂದುಕೊಂಡು ಬೆನ್ನನ್ನು ಕುರ್ಚಿಗೆ ಒರಗಿಸಿದೆ. ಅಕ್ಕ ಪಕ್ಕದಲ್ಲೇ ಇದ್ದಳು. ನೋಡಿದಳೋ ಏನೋ.

ಮಂಗಳವಾರ, ಗುರುವಾರ ಹನ್ನೊಂದಕ್ಕೆ ಅಕ್ಕನ ಮಾತಿನ ಕ್ಲಾಸು. ನನ್ನ ಲೈಬ್ರರಿ ಡ್ಯೂಟಿಯನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡಿರುವುದೇ ಇದಕ್ಕೆ. ಹೋದ ವರ್ಷ ಅವಳಿಗೆ ಸ್ಟ್ರೋಕ್ ಆದಾಗ ಕಾಲು ಉಳಿಯಿತು, ಬಲಗೈ ಅರ್ಧ ಉಳಿಯಿತು, ಮಾತು ಹೋಯಿತು. ವಸ್ತು ಗೊತ್ತು, ಹೆಸರು ನಾಲಿಗೆಗೆ ಬರುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸುತ್ತಿದ್ದವಳು. ಬೇರೆ ಊರಿನ ಚಿಕಿತ್ಸಾ ಕೇಂದ್ರದಿಂದ ಟೀಚರ್ ವಿಡಿಯೋದಲ್ಲಿ ಚಿತ್ರ ತೋರಿಸುತ್ತಾರೆ. ಅಕ್ಕ ಹೆಸರು ಹೇಳಬೇಕು.

ಇವತ್ತು ಕತ್ತರಿ. ಚಿತ್ರ ಬಂತು, ಟೀಚರ್ ಬಾಯಿ ಅರ್ಧ ತೆರೆದಲ್ಲೇ ನಿಂತಿತು. ಅಕ್ಕ ಎಡಗೈಯಿಂದ ತನ್ನ ತುಟಿ ಮುಟ್ಟಿಕೊಂಡಳು.

"ನಾ... ನಾನಾ?"

"ನೀನಲ್ಲ ಅಕ್ಕ. ನೆಟ್ ಹೋಯ್ತು."

ಸ್ಕ್ರೀನ್ ನೋಡಿದಳು. "ಲೈನ್ ಡೆಡ್," ಅಂದಳು. ಈ ಎರಡು ಪದ ಮಾತ್ರ ಅವಳಿಗೆ ಯಾವತ್ತೂ ತಡವರಿಸುವುದಿಲ್ಲ.

ಮಾರ್ಚ್ 5, ಗುರುವಾರ

ಮತ್ತೆ ಅದೇ. ಮೂರು ಸಲ ಕಟ್ಟಾಯಿತು. ಕಂಪನಿಗೆ ಫೋನ್ ಮಾಡಿದೆ.

"ಮೇಡಂ, ಆಫ್ ಮಾಡಿ ಆನ್ ಮಾಡಿದ್ರಾ?"

"ಮಾಡಿದೆ."

"ಇನ್ನೊಂದು ಸಲ ಮಾಡಿ ನೋಡಿ ಮೇಡಂ."

ಎಲ್ಲ ಹಸಿರು ದೀಪ. ನಮ್ಮ ಕಡೆಯಿಂದ ಲೈನ್ ಸರಿಯಿದೆ ಎಂದು ಇಟ್ಟುಬಿಟ್ಟ. ರೂಟರ್ ಇರುವುದು ಹಾಲಿನ ಶೋಕೇಸಿನೊಳಗೆ, ಗಾಜಿನ ಬಾಗಿಲು ಹಾಕಿ. ವೈರು ಕಂಡರೆ ನಮ್ಮ ಯಜಮಾನರಿಗೆ ಆಗದು. ಅಕ್ಕನ ಕೋಣೆ ಮನೆಯ ಕಟ್ಟಕಡೆ — ನಡುವೆ ಅಡುಗೆಮನೆ, ಫ್ರಿಜ್ಜು, ಹಳೇ ಕಾಲದ ದಪ್ಪ ಗೋಡೆ ಎರಡು. ಶೋಕೇಸಿನಿಂದ ಹೊರಗಿಟ್ಟೆ. ಸಂಜೆ ಇವರು ಬಂದವರೇ, "ಇದೇನಿದು, ಹುಳ ಹೊರಗೆ ಬಂದ್ಬಿಟ್ಟಿದೆ?" ಅಂದರು. ಅಲ್ಲೇ ಬಿಟ್ಟು ಒಳಗೆ ಹೋದೆ. ಸುಸ್ತು.

ಮಾರ್ಚ್ 7, ಶನಿವಾರ

ಹೊಸ ರೂಟರ್. ಅಂಗಡಿಯಲ್ಲಿ ಗೋಡೆ ತುಂಬ ಡಬ್ಬಗಳು. ಒಂದಕ್ಕೆ ಎರಡು ಆಂಟೆನಾ ಕೊಂಬು, ಇನ್ನೊಂದಕ್ಕೆ ಎಂಟು. ಎಂಟು ಕೊಂಬಿನದ್ದು ಮಗುಚಿ ಬಿದ್ದ ಜೇಡದ ಹಾಗಿತ್ತು. ಇವರಿಗೆ ಅದರ ಮೇಲೇ ಕಣ್ಣು.

"ಕೊಂಬು ನೋಡಿ ತಗೊಳ್ಳೋಕೆ ಇದೇನು ಎತ್ತಾ ಸಾರ್?" ಅಂದರು ಅಂಗಡಿಯವರು. "ಎಷ್ಟು ರೂಮು? ಗೋಡೆ ಎಂಥದ್ದು?"

ಹೇಳಿದೆ. ಆ ಗೋಡೆಗೆ ಯಾವ ರೂಟರೂ ಒಂದೇ ಸಾಲದು, ಜೊತೆಗೆ ರಿಪೀಟರ್ ಬೇಕು ಅಂದರು. ಇಲ್ಲಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪುಟ್ಟ ಡಬ್ಬಿ, ಪ್ಲಗ್ಗಿಗೆ ಸಿಕ್ಕಿಸಿದರಾಯಿತು. ಎರಡು ಕೊಂಬಿನದ್ದೂ ರಿಪೀಟರೂ ತಂದೆವು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಅಂತ ಮ್ಯಾನುಯಲ್ ಓದುವುದು ಈ ಮನೆಯಲ್ಲಿ ಯಾವತ್ತೂ ನನ್ನ ಪಾಲು. ಎರಡು ಪುಟ ಓದಿದೆ. ಆಮೇಲೆ ಅಕ್ಕನ ಮಾತ್ರೆಯ ಹೊತ್ತಾಯಿತು.

ರಿಪೀಟರನ್ನು ಅಕ್ಕನ ಮಂಚದ ಪಕ್ಕದ ಪ್ಲಗ್ಗಿಗೆ ಹಾಕಿದೆ. ದೀಪವನ್ನು ಬೆಳಕು ಬೇಕಾದಲ್ಲಿ ತಾನೇ ಇಡುವುದು. ಅವಳ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಅಷ್ಟೂ ತುಂಬಿ ನಿಂತವು. ಇವರು ಬಂದು ಇಣುಕಿ, "ಫುಲ್ಲು!" ಅಂದರು. ಅಕ್ಕ ನಕ್ಕಳು.

ಮಾರ್ಚ್ 10, ಮಂಗಳವಾರ

ಒಂದು ಸಲವೂ ಕಟ್ಟಾಗಲಿಲ್ಲ. ನೆಟ್ಟಿನ ಮೇಲೆ ಇನ್ನು ಏನನ್ನೂ ಹೊರಿಸುವ ಹಾಗಿಲ್ಲ.

ಆದರೂ ಕ್ಲಾಸು ಚೆನ್ನಾಗಿರಲಿಲ್ಲ. ಬೀಗದ ಚಿತ್ರ. ಅಕ್ಕ ಕಷ್ಟಪಟ್ಟು "ಬೀಗ" ಅಂದಳು. ಟೀಚರ್ ಸುಮ್ಮನೆ ನೋಡುತ್ತಲೇ ಇದ್ದರು. ಆಮೇಲೆ, "ಬಾಗಿಲಿಗೆ ಹಾಕ್ತೀವಲ್ಲ, ಬೀ..." ಎಂದು ಸುಳಿವು ಕೊಟ್ಟರು. ತಾನು ಹೇಳಿದ್ದು ತಪ್ಪೆಂದುಕೊಂಡಳು ಅಕ್ಕ. ಮುಖ ಇಳಿಯಿತು. "ಬಾ... ಬಾಗಿಲು," ಅಂದಳು. ಟೀಚರ್ ಏನೋ ಬರೆದುಕೊಂಡರು.

ಉಚ್ಚಾರ ಸಾಲದಾಯಿತೇನೋ. ನಮಗೆ ಮನೆಯವರಿಗೆ ಅರ್ಥವಾದರೆ ಹೊರಗಿನವರಿಗೂ ಆಗಬೇಕೆಂದಿಲ್ಲವಲ್ಲ. ಮುಂದಿನ ಚಿತ್ರಕ್ಕೆ ನಾನೇ ಕಿವಿಯಲ್ಲಿ ಮೊದಲ ಅಕ್ಷರ ಪಿಸುಗುಟ್ಟಿದೆ. ಸಹಾಯ ಅಂತಲೇ. ಅಥವಾ ಬೇಗ ಮುಗಿಯಲಿ ಅಂತಲೋ?

ಮಾರ್ಚ್ 19, ಗುರುವಾರ

ಕ್ಲಾಸು ಮುಗಿದ ಮೇಲೆ ಟೀಚರ್ ನನಗೆ ಬೇರೆಯಾಗಿ ಫೋನ್ ಮಾಡಿದರು. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಮಾತಾಡಿದೆ.

"ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ಅವರು ಉತ್ತರ ಕೊಡೋದು ನಿಧಾನ ಆಗ್ತಿದೆ. ಮೊದಲಿಗಿಂತ. ಸುಳಿವು ಕೊಟ್ಟ ಮೇಲೇ ಬರುತ್ತೆ, ಅದೂ ಎಷ್ಟೋ ಸಲ ತಪ್ಪು."

"ಮನೇಲಿ ಸರಿ ಹೇಳ್ತಾಳಲ್ಲ..."

"ಮನೇಲಿ ನೀವು ಹೇಳಿಕೊಡ್ತೀರಿ. ಕ್ಲಾಸಲ್ಲೂ ಹೇಳಿಕೊಡ್ತೀರಿ. ನನಗೆ ಕಾಣುತ್ತೆ."

ಕೇಂದ್ರದ ಸಮಿತಿ ಏಪ್ರಿಲ್ ಹತ್ತಕ್ಕೆ ಸೇರುತ್ತದಂತೆ. ಸುಧಾರಣೆ ನಿಂತುಹೋದವರ ಕ್ಲಾಸು ನಿಲ್ಲಿಸಿ ಆ ಹೊತ್ತನ್ನು ಕಾಯುತ್ತಿರುವವರಿಗೆ ಕೊಡುತ್ತಾರೆ. ವರದಿ ಕೊಟ್ಟಾಗಿದೆಯಂತೆ, ಅದರಲ್ಲಿ ಅಕ್ಕನ ಹೆಸರು ನಿಲ್ಲಿಸುವವರ ಕಡೆಗಿದೆ. ಇಷ್ಟೇ ಅವಳ ಮಾತು, ಇನ್ನು ಇದ್ದಷ್ಟರಲ್ಲೇ ಸಾಗಬೇಕು — ಅವರು ಹಾಗೆ ಹೇಳಲಿಲ್ಲ, ನನಗೆ ಕೇಳಿಸಿದ್ದು ಹಾಗೆ.

ನಾನು ವಾದಿಸಲಿಲ್ಲ. ಯಾಕೆ ವಾದಿಸಲಿಲ್ಲ? ಕಡ್ಡಿಗಳೆಲ್ಲ ತುಂಬಿ ನಿಂತಿವೆ, ನೆಟ್ ಸರಿಯಿದೆ. ಹಾಗಾದರೆ ಸರಿಯಿಲ್ಲದಿರುವುದು ಅಕ್ಕ. ಲೆಕ್ಕ ಅಷ್ಟು ಸಲೀಸಾಗಿ ಕೂತುಬಿಟ್ಟಿತು.

ಒಳಗೆ ಹೋದೆ. "ಏನಂತೆ?" ಎಂದು ಹುಬ್ಬಿನಲ್ಲೇ ಕೇಳಿದಳು. "ಏನಿಲ್ಲ, ಟೈಮಿಂಗ್ ವಿಷಯ," ಅಂದೆ. ನಂಬಲಿಲ್ಲ. ಬೇರೆಯವರ ಫೋನು ಅಷ್ಟು ವರ್ಷ ಜೋಡಿಸಿದವಳಿಗೆ ದನಿ ಕೇಳಿದರೆ ಸುಳ್ಳು ಗೊತ್ತಾಗುತ್ತದೆ.

ಮಾರ್ಚ್ 22, ಭಾನುವಾರ

ಇವತ್ತಿನದನ್ನು ಇವತ್ತೇ ಬರೆದುಬಿಡುತ್ತೇನೆ.

ಎದುರು ಕೂತರೆ ಅಕ್ಕ ನನ್ನ ತುಟಿ ನೋಡಿ ಉತ್ತರ ಕದಿಯುತ್ತಾಳೆ. ಅದಕ್ಕೇ ಇವತ್ತು ಬೆಳಿಗ್ಗೆ ಅವಳನ್ನು ಕೋಣೆಯಲ್ಲಿ ಕೂರಿಸಿ, ನಾನು ಅಡುಗೆಮನೆಯಲ್ಲಿ ಗೋಡೆಯ ಈಚೆ ನಿಂತು ವಿಡಿಯೋ ಕಾಲ್ ಮಾಡಿದೆ. ತುಟಿಗೆ ಕೈ ಅಡ್ಡ ಇಟ್ಟುಕೊಂಡು ಚಮಚ ತೋರಿಸಿದೆ.

ಸ್ಕ್ರೀನಿನಲ್ಲಿ ಅಕ್ಕ ಸುಮ್ಮನಿದ್ದಾಳೆ. ಬಾಯಿ ಮುಚ್ಚಿದೆ. ಆ ಕ್ಷಣಕ್ಕೇ ಗೋಡೆಯಾಚೆಯಿಂದ, ಕೋಣೆಯಿಂದ, ಅವಳದೇ ದನಿ — "ಚಮಚ."

ಸ್ಕ್ರೀನ್ ಇನ್ನೂ ಸುಮ್ಮನೆ. ಉಸಿರು ಎಳೆದು ಬಿಟ್ಟೆ. ಆಗ ಸ್ಕ್ರೀನಿನ ಅಕ್ಕ ಬಾಯಿ ತೆರೆದಳು. "ಚಮಚ."

ಬಾಚಣಿಗೆ ತೋರಿಸಿದೆ. ಗೋಡೆಯಾಚೆ ಮೊದಲು, ಫೋನಿನಲ್ಲಿ ಆಮೇಲೆ. ಲೋಟ. ಹಾಗೇ. ಇವರು ಹಾಲಿನಲ್ಲಿ ಕೂತು ಫೋಟೋಗಳನ್ನೆಲ್ಲ ನೆಟ್ಟಿಗೆ ಏರಿಸುತ್ತಿದ್ದರು. ಅದು ಶುರುವಾದ ಮೇಲೆ ಇನ್ನೂ ತಡ.

ಲೋಟ ಕೆಳಗಿಟ್ಟೆ. ಚಿತ್ರ ಅವಳಿಗೆ ತಡವಾಗಿ ಬರುತ್ತದೆ. ಉತ್ತರ ಟೀಚರ್‌ಗೆ ಇನ್ನೂ ತಡವಾಗಿ ಹೋಗುತ್ತದೆ. ಅಷ್ಟರಲ್ಲಿ ಅವರು ಕಾದು ಸುಸ್ತಾಗಿ ಸುಳಿವು ಕೊಟ್ಟಿರುತ್ತಾರೆ. ಆ ಸುಳಿವು ಸರಿ ಉತ್ತರ ಹೇಳಿ ಕೂತವಳ ಕೈಗೆ ಬಂದು, "ತಪ್ಪು, ಬದಲಿಸು" ಅನ್ನುತ್ತದೆ. ಬೀಗ ಅವಳು ಹೇಳಿದ್ದಳು. ಸರಿಯಾಗಿ ಹೇಳಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೆ. ಆದರೂ ತಪ್ಪು ಅವಳದೇ ಅಂದುಕೊಂಡೆ.

ಮ್ಯಾನುಯಲ್ ಹುಡುಕಿ ಮೂರನೇ ಪುಟ ಓದಿದೆ. ಸಿಗ್ನಲ್ ಸಾಯುವ ಕಡೆ ರಿಪೀಟರ್ ಇಡಬೇಡಿ, ರೂಟರಿಗೂ ಆ ಜಾಗಕ್ಕೂ ನಡುದಾರಿಯಲ್ಲಿ ಇಡಿ. ಚಿತ್ರ ಸಮೇತ ಇದೆ. ಕಡ್ಡಿಗಳು ತೋರಿಸುವುದು ರಿಪೀಟರ್ ಎಷ್ಟು ಹತ್ತಿರವಿದೆ ಎಂದಷ್ಟೇ. ಆ ರಿಪೀಟರಿಗೇ ರೂಟರಿನಿಂದ ಏನೂ ಸರಿಯಾಗಿ ತಲುಪುತ್ತಿರಲಿಲ್ಲ.

ಅಕ್ಕನಿಗೆ ಎಲ್ಲ ಹೇಳಿದೆ. ಸಮಿತಿಯ ವಿಷಯವನ್ನೂ. ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಎಡಗೈ ಎತ್ತಿ ನನ್ನ ತಲೆಗೆ ಒಂದು ಮೊಟಕಿದಳು. ನೋವಾಯಿತು.

ಮಾರ್ಚ್ 23, ಸೋಮವಾರ

ರಿಪೀಟರ್ ಊಟದ ಮೇಜಿನ ಹತ್ತಿರಕ್ಕೆ ತಂದೆ. ಪರವಾಗಿಲ್ಲ ಅನ್ನಿಸಿತು, ಆದರೆ ಪರವಾಗಿಲ್ಲ ಅನ್ನುವುದು ಈಗ ಸಾಲದು. ಹಾಲಿನಿಂದ ಅಕ್ಕನ ಕೋಣೆಗೇ ನೇರ ಕೇಬಲ್ ಎಳೆಯೋಣ ಅಂದೆ.

"ಬಣ್ಣ ಹೊಡೆಸಿ ವರ್ಷ ಆಗಿಲ್ಲ ಕಣೇ," ಅಂದರು ಇವರು.

"ರೀ, ಗೋಡೆ ಮಾತಾಡಬೇಕಾ, ಅಕ್ಕ ಮಾತಾಡಬೇಕಾ?"

ಎದ್ದು ಹೋಗಿ ಸುತ್ತಿಗೆ ತಂದರು. ಬಾಗಿಲ ಚೌಕಟ್ಟಿನ ಮೇಲೆ, ಫ್ರಿಜ್ಜಿನ ಹಿಂದೆ, ಸಂಜೆಯೆಲ್ಲ ಕ್ಲಿಪ್ಪು ಹೊಡೆದರು. ಅಕ್ಕ ಕುರ್ಚಿ ಹಾಕಿಸಿಕೊಂಡು ಮೇಸ್ತ್ರಿಕೆಗೆ ಕೂತಳು.

"ಸೊ... ಸೊಟ್ಟ."

"ಎಲ್ಲಿ ಸೊಟ್ಟ ಅಕ್ಕ? ಗೋಡೆನೇ ಸೊಟ್ಟ."

"ನೀನೂ," ಅಂದಳು. ಏಣಿಯ ಮೇಲೆಯೇ ಇವರು ನಕ್ಕು ಬೀಳುವುದರಲ್ಲಿದ್ದರು.

ಮಾರ್ಚ್ 24, ಮಂಗಳವಾರ

ಕೇಬಲ್ ಸಿಕ್ಕಿಸಿ ಕ್ಲಾಸು. ಟೀಚರ್‌ಗೆ ಮೊದಲೇ ವಿಷಯ ಹೇಳಿದ್ದೆ. ಅವರ ದನಿಯಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ನೆಟ್ ನೆಪ ಅವರು ದಿನಾ ಕೇಳುತ್ತಿರಬೇಕು.

ಕೊಡೆ ಬಂತು. ಗಡಿಯಾರ ಬಂತು. ಅಕ್ಕ ಹೇಳಿದ ತಕ್ಷಣ ಟೀಚರ್ ತಲೆಯಾಡಿಸುವುದು ಕಂಡಿತು — ಆ ಒಂದು ತಲೆಯಾಟಕ್ಕೆ ಅಕ್ಕನ ಮುಖ ಅರಳಿದ್ದನ್ನು ಹೇಗೆ ಬರೆಯಲಿ. ಪೊರಕೆಯ ಚಿತ್ರಕ್ಕೆ ಸಿಕ್ಕಿಕೊಂಡಳು. ಕಣ್ಣು ಮುಚ್ಚಿದಳು. ಹುಡುಕುತ್ತಿದ್ದಾಳೆ. ಆ ಮೌನ ನನಗೆ ತಡೆಯಲಾಗಲಿಲ್ಲ.

"ಪೊ..." ಅಂದೆ, ಮೆಲ್ಲಗೆ.

ಅಕ್ಕ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದಳು. "ಪುಟ್ಟೀ. ನೀ... ಹೊರಗೆ."

"ಇದಂತೂ ಸ್ಪಷ್ಟವಾಗಿ ಕೇಳಿಸ್ತು!" ಅಂದರು ಟೀಚರ್.

ಇಬ್ಬರೂ ನಕ್ಕರು. ನಾನೂ ನಕ್ಕು ಎದ್ದು ಬಂದೆ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ. ಕೇಬಲ್ಲು ಸರಿಮಾಡಿದ್ದು ಅರ್ಧ ತಡವನ್ನು ಮಾತ್ರ. ಇನ್ನರ್ಧಕ್ಕೆ ನಾನು ತಾಳ್ಮೆ ಕಲಿಯಬೇಕು. ಅವಳು ಹುಡುಕುವ ಹೊತ್ತನ್ನು ನಾನು ಖಾಲಿ ಹೊತ್ತು ಅಂದುಕೊಂಡಿದ್ದೆ.

ಮಾರ್ಚ್ 31, ಮಂಗಳವಾರ

ಕ್ಲಾಸಿಗೆ ಈಗ ನಾನು ಹೊರಗೆ. ಟೀಚರ್ ಇವತ್ತು ಕರೆದು ಹೇಳಿದರು: "ನೆಟ್ಟಿನದೇ ತಪ್ಪು ಅಂತ ನನಗೆ ಒಪ್ಪಿಗೆಯಾಯ್ತು. ಆದರೆ ಕೊಟ್ಟ ವರದಿ ನಾನು ವಾಪಸ್ ತಗೊಳ್ಳೋಕಾಗಲ್ಲ. ಸಮಿತಿಗೆ ನೀವೇ ಬರೀಬೇಕು. ನಿಮ್ಮ ಅಕ್ಕನ ಸಹಿ ಬೇಕು. ಅವರು ಮಾತಾಡೋದನ್ನ ನೆಟ್ ಇಲ್ಲದೆ ರೆಕಾರ್ಡ್ ಮಾಡಿ ಪೆನ್‌ಡ್ರೈವಲ್ಲಿ ಹಾಕಿ. ರಿಜಿಸ್ಟರ್ ಅಂಚೆಲೇ ಕಳಿಸಿ, ಈಮೇಲ್ ನೋಡಲ್ಲ ಸಮಿತಿಯವರು."

"ಉಳಿಯುತ್ತಾ ಕ್ಲಾಸು?"

"ಗೊತ್ತಿಲ್ಲ ಮೇಡಂ. ಬರೀರಿ."

ಏಪ್ರಿಲ್ 5, ಭಾನುವಾರ. ಸಂಜೆ

ರೆಕಾರ್ಡಿಂಗ್ ಆಯಿತು. ಫೋನ್ ಮೇಜಿನ ಮೇಲೆ, ನಾನು ಬಾಗಿಲಾಚೆ. ಪತ್ರ ಮಾತ್ರ ಆಗುತ್ತಿಲ್ಲ. ಮೊದಲು ಇಂಗ್ಲಿಷಿನಲ್ಲಿ ಬರೆದೆ, ಸಲೀಸಾಗಿ ಬಂತು. ಇವರು ಓದಿ, "ರೂಟರ್ ವಾರಂಟಿಗೆ ಬರೆದಂಗಿದೆ. ಅಕ್ಕ ಎಲ್ಲಿದ್ದಾರೆ ಇದರಲ್ಲಿ?" ಅಂದರು. ನಿಜ. ಹರಿದು ಕನ್ನಡದಲ್ಲಿ ಬರೆದೆ. ರಿಪೀಟರ್ ಎಲ್ಲಿಟ್ಟಿದ್ದೆ, ಯಾಕೆ ತಡವಾಯಿತು, ನಾನು ಎಲ್ಲೆಲ್ಲಿ ಪಿಸುಗುಟ್ಟಿದೆ — ಎಲ್ಲ.

ಅಕ್ಕನಿಗೆ ಓದಿ ಹೇಳಿದೆ. ತಲೆಯಾಡಿಸಿದಳು. ಎಡಗೈಯಲ್ಲಿ ಸಹಿ ಮಾಡಿದಳು, ಸಾಲಿಗಿಂತ ಸ್ವಲ್ಪ ಕೆಳಗೆ. ಆಮೇಲೆ ಪೆನ್ನು ನನ್ನ ಕಡೆ ತಳ್ಳಿ, "ನಂದು... ಒಂದು," ಅಂದಳು. ಅವಳದೇ ಒಂದು ಮಾತು ಸೇರಿಸಬೇಕಂತೆ. ಅವಳು ಹೇಳುತ್ತಾಳೆ, ನಾನು ಬರೆಯಬೇಕು. ಹೇಳಿದ್ದಷ್ಟೇ ಬರೆಯಬೇಕು ಎಂದು ಬೆರಳು ತೋರಿಸಿದಳು.

"ನಾನು... ಹೇಳಿದ್ದೆ. ನಿಮಗೆ... ತಡವಾಗಿ..."

ಬರೆದುಕೊಂಡೆ. ಆಮೇಲಿನ ಪದಕ್ಕೆ ನಿಂತಿದ್ದಾಳೆ. ನನಗೆ ಗೊತ್ತು ಯಾವ ಪದ. ನನ್ನ ನಾಲಿಗೆಯ ತುದಿಯಲ್ಲೇ ಇದೆ. ಕಣ್ಣು ಮುಚ್ಚಿದ್ದಾಳೆ. ಇವರು ಒಳಗೆ ಬರಲು ಹೋದರು, ಕೈ ಸನ್ನೆ ಮಾಡಿ ನಿಲ್ಲಿಸಿದೆ. ಕಾಯುತ್ತ ಈ ಡೈರಿ ಬರೆಯುತ್ತಿದ್ದೇನೆ, ಅವಳ ಮುಖ ನೋಡಿ ಅವಸರಪಡಿಸಬಾರದು ಅಂತ. ಅಂಚೆ ಕಚೇರಿ ತೆರೆಯುವುದು ನಾಳೆ. ರಾತ್ರಿಯೆಲ್ಲ ಬೇಕಾದರೂ ತೆಗೆದುಕೊಳ್ಳಲಿ. ಅವಳು ಹೇಳಿದ ಮೇಲೆ ಅಂಟಿಸಿ, ರಿಜಿಸ್ಟರ್ ಮಾಡಿ, ಸೋಮವಾರ, ಏಪ್ರಿಲ್ 6 — ಅಕ್ಕ ಕಣ್ಣು ಬಿಟ್ಟಳು.