ದಿಬ್ಬದ ನುಣುಪು

ಮಂಗಳವಾರ, ಮಧ್ಯಾಹ್ನ

ಅಕ್ಕನ ಮಗಳೇ, ನನ್ನ ಪುಟ್ಟ ಶಿಲ್ಪಿಯೇ,

ಗಾರೆ ಮೇಸ್ತ್ರಿ ಮಾವ ಕಾಗದ ಬರೆದಿದ್ದಾನೆಂದು ಗಾಬರಿಯಾಗಬೇಡ. ಹಳ್ಳಿ ಶಾಲೆಯಲ್ಲಿ ನಾಲ್ಕೇ ಕ್ಲಾಸು ಓದಿದರೂ ನನ್ನಷ್ಟು ದುಂಡಗೆ ಬರೆಯುವವರು ಸುತ್ತಮುತ್ತ ಇರಲಿಲ್ಲ, ಮೇಷ್ಟ್ರನ್ನೂ ಸೇರಿಸಿ.

ನಿನ್ನೆಯ ಸಭೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಉದ್ಯಾನದಲ್ಲಿ ಮಕ್ಕಳು ಹತ್ತಿ ಜಾರಲೆಂದು ನೀನು ನಕ್ಷೆ ಬರೆದು ನಾನು ಕಟ್ಟಿದ ಸಿಮೆಂಟು ದಿಬ್ಬದಿಂದ ಬಿದ್ದ ಹುಡುಗಿಯ ಮಣಿಕಟ್ಟು ಮುರಿದಿದೆ, ಅದನ್ನು ಒಡೆಸಿ ಅಂಗಡಿಯ ಜಾರುಬಂಡೆ ತಂದು ನಿಲ್ಲಿಸುತ್ತೇವೆ ಎಂದರು ಉದ್ಯಾನ ಸಮಿತಿಯ ಅಧ್ಯಕ್ಷರು. ಅವಳು ಬಿದ್ದ ಮೇಲೆ ತಗಡು ಸುತ್ತಿ ಮುಚ್ಚಿರುವುದರಿಂದ ನೀನು ಅದನ್ನು ಮತ್ತೆ ಮುಟ್ಟಿ ನೋಡಿಲ್ಲ. ಆದರೂ ನೀನು ಎದ್ದು ನಿಂತು, “ಇಳಿಜಾರು ಜಾಸ್ತಿ ಆಯ್ತೇನೋ. ನಕ್ಷೆ ನಂದು, ತಪ್ಪೂ ನಂದೇ” ಅಂದೆ. ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವ ನನ್ನ ಬಾಯಿಗೆ ಆಗ ಬೀಗ ಬಿದ್ದಿತ್ತು.

ದಿಬ್ಬ ಕಟ್ಟುವ ಮುಂಚೆ ಆ ಜಾಗದಲ್ಲಿ ನೀನು ಮೂರು ದಿನ ಮಂಡಿಯೂರಿ ಓಡಾಡಿದ್ದೆ, ಮಕ್ಕಳ ಎತ್ತರದಿಂದ ಎಲ್ಲ ಹೇಗೆ ಕಾಣುತ್ತದೆಂದು ನೋಡಲು. ಏನಮ್ಮಾ, ಓಲೆ ಕಳೆದುಹೋಯಿತೇ ಎಂದು ನಾನು ರೇಗಿಸಿದೆ. ನೀನು ನಗಲಿಲ್ಲ. “ಶಿಲ್ಪದ ಮುಂದೆ ಮುಟ್ಟಬೇಡಿ ಅಂತ ಬೋರ್ಡ್ ಇರುತ್ತಲ್ಲ ಮಾವ, ಇದನ್ನ ಮಕ್ಳು ಅಂಗಾಲಲ್ಲೇ ನೋಡ್ಬೇಕು” ಅಂದೆ. ಜಾರುವ ಮಗ್ಗುಲು ಮಾತ್ರ ನುಣುಪಾಗಿರಲಿ, ಹತ್ತುವ ಮಗ್ಗುಲು ತರಿತರಿಯಾಗಿರಲಿ ಎಂದು ನನ್ನ ಕೈ ಹಿಡಿದು ಮಣ್ಣಿನ ಮಾದರಿಯ ಮೇಲೆ ಆಡಿಸಿ ತೋರಿಸಿದೆ.

ನಾನು ಎರಡೂ ಮಗ್ಗುಲನ್ನು ನುಣ್ಣಗೆ ಉಜ್ಜಿಬಿಟ್ಟೆ. ವಯಸ್ಸಾಯಿತು, ಮರೆತೆ. ಹುಡುಗಿ ಜಾರಿದ್ದು ಹತ್ತುವಾಗ.

ಸಭೆ ಮುಗಿದ ಮೇಲೆ ಅವಳ ಮನೆಗೆ ಹೋದೆ. ನಾನು ಯಾರೆಂದು ಹೇಳಿದ ಮೇಲೆ ತಾಯಿ ಹುಡುಗಿಯನ್ನು ಕರೆದು ನನ್ನೆದುರು ಕೂರಿಸಿದಳು. ಹುಡುಗಿ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಕಾಲಿಗೆ ಹಿಡಿಯೋಕೆ ಏನೂ ಸಿಗ್ಲಿಲ್ಲ” ಅಂದಳು. ನಲವತ್ತು ವರ್ಷದಲ್ಲಿ ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಅಳೆದವರಿಲ್ಲ.

ಇವತ್ತು ಬೆಳಿಗ್ಗೆ ಸಮಿತಿಯ ಕಚೇರಿಗೆ ಹೋಗಿ, ತಪ್ಪು ನನ್ನದೆಂದು ಬರೆದುಕೊಟ್ಟು ಬಂದೆ. ಒಡೆಯುವುದನ್ನು ಎಂಟು ದಿನ ನಿಲ್ಲಿಸುತ್ತಾರಂತೆ. ಅಷ್ಟರೊಳಗೆ ಹತ್ತುವ ಮಗ್ಗುಲನ್ನು ಉಳಿಯಿಂದ ಕೆತ್ತಿ ಮತ್ತೆ ತರಿ ಮಾಡಬಹುದು. ನೀನು ಹೂಂ ಅಂದರೆ ಮಾತ್ರ ನಾನು ಮುಟ್ಟುತ್ತೇನೆ. ಬೇರೆ ಮೇಸ್ತ್ರಿಯನ್ನು ಕರೆಸಿದರೂ ನನಗೆ ಬೇಜಾರಿಲ್ಲ.

ಹಿಂದಿನ ಬೆಂಚಿನ,
ನಿನ್ನ ಮಾವ

ಇನ್ನೊಂದು ಮಾತು: ಮರೆತೆ ಅಂದದ್ದು ಸುಳ್ಳು. ನೀನು ಬಂದು ಸವರಿ ನೋಡಿ, ತರಿ ಸರಿಯಾಗಿದೆ ಎಂದು ಹೊರಟ ಮಾರನೆಯ ದಿನ, ನೋಡಿದವರು ಇದೇನು ಅರ್ಧಂಬರ್ಧ ಕೆಲಸ ಅನ್ನಬಾರದೆಂದು ನಾನೇ ಮೇಲೆ ಸಿಮೆಂಟು ಬಳಿದು ಉಜ್ಜಿದೆ. ಸಮಿತಿಗೆ ಕೊಟ್ಟ ಕಾಗದದಲ್ಲಿ ಇದನ್ನೇ ಮೊದಲು ಬರೆದೆ. ನಿನಗೆ ಬರೆಯುವಾಗ ಕೊನೆಗೆ ಬಂತು.