ವಿಮಾನದ ನೆರಳಿನಲ್ಲಿ ಓಡಿದ ಗಾಡಿ

ಚಿಂಚವಾಡ, ಪುಣೆ
೯ ಮಾರ್ಚ್ ೨೦೨೫

ಪ್ರೀತಿಯ ನೀಲವ್ವಾ,

ಮೊನ್ನೆ ಶಿರೂರಿನಿಂದ ಫೋನ್ ಮಾಡಿ ನೀನು ಕೇಳಿದ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕುಕ್ಕರ್ ಕೂಗುತ್ತಿದೆ ಎಂದು ಹೇಳಿ ಇಟ್ಟುಬಿಟ್ಟೆ. ಕುಕ್ಕರ್ ಕೂಗುತ್ತಿರಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀ, ನಾನೂ ಅಳುತ್ತೇನೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಿನ್ನನ್ನು ಹೆತ್ತವಳು ನಮ್ಮವ್ವ ಸಾಬವ್ವ ಅಲ್ಲ, ಪಕ್ಕದ ಶೆಡ್ಡಿನ ಸುಮಂಗಲಾ ಎಂಬುದು ಬುದ್ಧಿ ಬಂದಾಗಿನಿಂದ ನಿನಗೆ ಗೊತ್ತು. ಹೆರಿಗೆಯಲ್ಲಿ ತೀರಿಕೊಂಡಳು ಎಂಬುದೂ ಗೊತ್ತು. ಈಗ ನಿನಗೇ ದಿನ ತುಂಬುತ್ತಿರುವಾಗ, ಅಂದು ಅವಳು ಒಬ್ಬಳೇ ಇದ್ದಳಾ, ಭಾಳ ಹೆದರಿದ್ದಳಾ ಎಂದು ಕೇಳಿದ್ದೀ. ಅವ್ವ ಇರುವವರೆಗೆ ಆ ಮಾತು ಎತ್ತಲು ಬಿಡಲಿಲ್ಲ. ಅವಳು ಹೋಗಿ ವರ್ಷವಾಯಿತು. ಇನ್ನು ಹೇಳಬಹುದು.

ಆಗ ನಾವು ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದು ಇಲ್ಲಿಯ ವಿಮಾನ ನಗರದಲ್ಲಿದ್ದೆವು. ಈಗ ನೀನು ನೋಡುವ ವಿಮಾನ ನಗರವಲ್ಲ. ಕಟ್ಟಡಗಳಿಗೆ ಕಿಟಕಿ ಕೂರಿಸಿರಲಿಲ್ಲ, ಕಿಟಕಿಯ ಜಾಗದಲ್ಲೆಲ್ಲ ಆಕಾಶವಿತ್ತು. ಅಗಲವಾದ ಡಾಂಬರು ರಸ್ತೆ ಮೊದಲೇ ಬಂದುಬಿಟ್ಟಿತ್ತು. ಅದರ ಮೇಲೆ ಓಡಾಡುವ ಜನ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ವಿಮಾನ ಇಳಿಯುವಾಗ ಅದರ ನೆರಳು ರಸ್ತೆ ದಾಟಿ, ಮರಳಿನ ಗುಡ್ಡೆ ಹತ್ತಿ, ನಮ್ಮ ತಗಡಿನ ಶೆಡ್ಡುಗಳ ಮೇಲೆ ಹಾದುಹೋಗುತ್ತಿತ್ತು. ಅಷ್ಟು ಹೊತ್ತು ತಂಪೆನಿಸುತ್ತಿತ್ತು. ಅಥವಾ ನನಗೆ ಹಾಗೆ ನೆನಪಿದೆ.

ಆ ರಸ್ತೆಯಲ್ಲಿ ಓಡಿಸಬೇಕೆಂದೇ ಆಗಿನ್ನೂ ಚಿಕ್ಕವರಾಗಿದ್ದ ನಾನೂ ಮಾಂತು ಅಣ್ಣನೂ ಗಾಡಿ ಕಟ್ಟಿದೆವು. ಕಾಂಕ್ರೀಟು ಕುಲುಕುವ ವೈಬ್ರೇಟರಿನ ಪೆಟ್ರೋಲ್ ಎಂಜಿನ್ ಒಂದು ಕೆಟ್ಟು ಮೂಲೆಗೆ ಬಿದ್ದಿತ್ತು. ಕೇಳಿದಾಗ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಒಯ್ಯಿರಿ ಎಂದ. ಸೆಂಟ್ರಿಂಗ್ ಹಲಗೆ, ತಳ್ಳುಗಾಡಿಯ ಗಾಲಿಗಳು, ಸೈಕಲ್ ಚೈನು, ಬಗ್ಗಿಸಿದ ಸರಳಿನ ಹ್ಯಾಂಡಲ್. ಬ್ರೇಕು ಅಂದರೆ ಅಪ್ಪನ ಹಳೆಯ ಚಪ್ಪಲಿ. ಟೈರಿಗೆ ಒತ್ತಿದರೆ ಗಾಡಿ ನಿಲ್ಲುತ್ತಿತ್ತು, ಅದಕ್ಕೆ ಮನಸ್ಸು ಬಂದರೆ. ಓಡಿಸಿದ್ದಕ್ಕಿಂತ ರಿಪೇರಿ ಮಾಡಿದ್ದೇ ಹೆಚ್ಚು. ಕಾರ್ಬುರೇಟರಿನಲ್ಲಿ ಸಿಮೆಂಟಿನ ಧೂಳು ಕೂರುತ್ತಿತ್ತು. ನಾನು ಬಿಚ್ಚಿ ಬಾಯಿಂದ ಊದುತ್ತಿದ್ದೆ, ಆಮೇಲೆ ತಿಂದ ರೊಟ್ಟಿಗೂ ಪೆಟ್ರೋಲಿನ ರುಚಿ. ಚೈನು ಕಳಚಿದರೆ ಮಾಂತು ಅಣ್ಣ ಕೂರಿಸುತ್ತಿದ್ದ. ಉಳಿದದ್ದಕ್ಕೆಲ್ಲ ಸರಳು ಕಟ್ಟುವ ತಂತಿಯೇ ಮದ್ದು.

ಸುಮಂಗಲಾಗೆ ಇಪ್ಪತ್ತೂ ತುಂಬಿರಲಿಲ್ಲ. ಸೂರತ್ತಿಗೆ ದುಡಿಯಲು ಹೋದ ಗಂಡ ತಿರುಗಿ ಬಂದಿರಲಿಲ್ಲ. ಸಂಜೆ ಇಟ್ಟಿಗೆ ಹೊರುವುದು ಮುಗಿದ ಮೇಲೆ ಉಳಿದವರು ನೀರು, ಒಲೆ ಎಂದು ಹೋದರೆ ಅವಳು ನಮ್ಮ ಹತ್ತಿರ ಬಂದು ಕೂರುತ್ತಿದ್ದಳು. ಎಂಜಿನ್ನಿನ ಸದ್ದಿಗೆ ತಲೆ ಓರೆ ಮಾಡಿ ಕಿವಿಗೊಡುತ್ತಿದ್ದಳು. ಇವತ್ತು ಇದಕ್ಕೆ ಗಂಟಲು ಕಟ್ಟೇದ, ಇವತ್ತು ಚಲೋ ಅದ ಎಂದು ಕೂಸಿನ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದಳು. ಈಗ ಪಿಂಪ್ರಿಯ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷೆ ಮಾಡುವಾಗ ನಾನೂ ಹಾಗೆಯೇ ತಲೆ ಓರೆ ಮಾಡುತ್ತೇನೆ. ನಮ್ಮಲ್ಲಿ ಒಬ್ಬರು ಅವಳನ್ನು ಕೂರಿಸಿಕೊಂಡು ರಸ್ತೆಯ ತುದಿಯವರೆಗೆ ಹೋಗಿ ಬರುತ್ತಿದ್ದೆವು. ಹೊಟ್ಟೆ ದೊಡ್ಡದಾದ ಮೇಲೆ ಅವ್ವ ಬೈದಳು. ಸ್ವಲ್ಪ ದಿನ ಬರಲಿಲ್ಲ. ಮತ್ತೆ ಬಂದಳು.

ಅಂದು ದೊಡ್ಡವರೆಲ್ಲ ಸ್ಲ್ಯಾಬ್ ಹಾಕಲು ಲಾರಿಯಲ್ಲಿ ಬೇರೆ ಸೈಟಿಗೆ ಹೋಗಿದ್ದರು. ಇನ್ನೂ ದಿನ ಇವೆ ಎಂದು ಸುಮಂಗಲಾ ಶೆಡ್ಡಿನಲ್ಲೇ ಉಳಿದಿದ್ದಳು. ಮಧ್ಯಾಹ್ನ ತಗಡು ಬಡಿಯುವ ಸದ್ದು ಕೇಳಿ ಓಡಿದರೆ, ಕಂಬ ಹಿಡಿದು ಬಗ್ಗಿ ನಿಂತಿದ್ದಳು. ಮಾಂತು ಅಣ್ಣ ರಿಕ್ಷಾ ತರಲು ದೊಡ್ಡ ರಸ್ತೆಗೆ ಓಡುತ್ತೇನೆಂದ. ಅದು ದೂರ. ಅವಳೇ ತಡೆದಳು.

“ರಿಕ್ಷಾ ಯಾಕ? ನಿಮ್ಮ ಗಾಡಿ ಅದ ಅಲ್ಲ.”

ಹಲಗೆಯ ಮೇಲೆ ಖಾಲಿ ಸಿಮೆಂಟ್ ಚೀಲ, ಅದರ ಮೇಲೆ ಅವ್ವನ ಕೌದಿ ಹಾಸಿ ಆಸ್ಪತ್ರೆಗೆ ಹೊರಟೆವು. ಬಿಸಿಲಿಗೆ ಮುಂದೆ ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುತ್ತಿತ್ತು, ಹತ್ತಿರ ಹೋದಷ್ಟೂ ಹಿಂದೆ ಸರಿಯುತ್ತಿತ್ತು. ನೋವು ಬಂದಾಗ ಗಾಡಿ ನಿಲ್ಲುತ್ತಿತ್ತು, ನೋವು ಹೋದಾಗ ಹೊರಡುತ್ತಿತ್ತು. ಅರ್ಧ ದಾರಿಯಲ್ಲಿ ಎಂಜಿನ್ ಬಂದ್ ಆಯಿತು. ಕಾರ್ಬುರೇಟರ್ ಬಿಚ್ಚುವಾಗ ಮುಚ್ಚಳದ ತಿರುಪು ಕೈಜಾರಿ ಎಲ್ಲೋ ಉರುಳಿತು. ಸಿಗಲಿಲ್ಲ. ನಾನು ಅಳತೊಡಗಿದೆ. ಸುಮಂಗಲಾ ತುರುಬಿನಿಂದ ಒಂದು ಪಿನ್ನು ತೆಗೆದುಕೊಟ್ಟಳು.

“ಅಂಜಬ್ಯಾಡ ಅನಸೂ. ಸಾವಕಾಶ ಮಾಡು. ನನಗೇನು ಅವಸರ ಇಲ್ಲ.”

ಅವಸರವೆಲ್ಲ ಅವಳದೇ ಆಗಿತ್ತು, ನೀಲವ್ವಾ. ನಾನು ಪಿನ್ನು ತೂರಿಸಿ ಬಗ್ಗಿಸುತ್ತಿರುವಾಗ ವಿಮಾನ ಬಂತು. ನೆರಳು ನಮ್ಮ ಮೂವರ ಮೇಲೂ ಹಾದುಹೋಯಿತು. ಅವಳು ಕತ್ತೆತ್ತಿ ನೋಡಿ, ಅದರಾಗ ಕೂತವರಿಗೆ ನಾವು ಕಾಣತೀವೇನು ಎಂದು ಕೇಳಿದಳು. ಕಾಣುತ್ತೀವಿ ಎಂದ ಮಾಂತು ಅಣ್ಣ. ಅವಳು ಸೆರಗು ಸರಿಮಾಡಿಕೊಂಡಳು.

ಆಸ್ಪತ್ರೆಯ ಸಿಸ್ಟರ್ ಮರಾಠಿಯಲ್ಲಿ, ಯಾರು ಕರೆತಂದದ್ದು ಎಂದು ಕೇಳಿದರು. ಗಾಡಿ ತೋರಿಸಿದರೆ ನಂಬಲಿಲ್ಲ. ಸಂಜೆಗೆ ನೀನು ಹುಟ್ಟಿದೆ. ಅವಳು ನಿನ್ನನ್ನು ಎತ್ತಿಕೊಂಡಳು, ಎದೆಗೆ ಹಚ್ಚಿಕೊಂಡಳು, ನಿನ್ನ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ನನಗೆ ಕೇಳಿಸಲಿಲ್ಲ. ಆಮೇಲೆ ರಕ್ತ ನಿಲ್ಲಲಿಲ್ಲ. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಅವ್ವ ಬರುವಾಗ ನೀನು ನನ್ನ ಮಡಿಲಲ್ಲಿದ್ದೆ. ಅವ್ವ ನಿನ್ನನ್ನು ಎತ್ತಿ ತನ್ನ ಸೆರಗಿನಲ್ಲಿ ಸುತ್ತಿಕೊಂಡಳು. ಗಾಡಿಯನ್ನು ನಾವು ಮತ್ತೆ ಮುಟ್ಟಲಿಲ್ಲ. ಆಸ್ಪತ್ರೆಯ ಗೋಡೆಯ ಪಕ್ಕವೇ ಉಳಿಯಿತು.

ನಿನ್ನ ಡಾಕ್ಟರಿಗೆ ಇದನ್ನು ಮುಚ್ಚಿಡದೆ ಹೇಳು. ರಕ್ತ ಮೊದಲೇ ತಯಾರಿಟ್ಟಿರುತ್ತಾರೆ. ನಾನು ರಜೆ ಹಾಕಿದ್ದೇನೆ, ಬರುವ ವಾರದಿಂದ ನಿನ್ನ ಜೊತೆಗೇ ಇರುತ್ತೇನೆ.

ನಿನ್ನನ್ನು ಮೊದಲು ಮಡಿಲಲ್ಲಿ ಹಿಡಿದ ಅಕ್ಕ,
ಅನಸೂಯಾ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಗಾಡಿ ಓಡಿಸಿದ್ದು ಯಾರು ಎಂದು ಯಾರೇ ಕೇಳಿದರೂ ಮಾಂತು ಎನ್ನಬೇಕೆಂದು ಅವ್ವ ನಮ್ಮಿಂದ ಆಣೆ ಮಾಡಿಸಿಕೊಂಡಿದ್ದಳು. ಇಲ್ಲವಾದರೆ ಸತ್ತವಳ ಮೇಲೇ ತಪ್ಪು ಹೊರಿಸುತ್ತಾರೆ ಎಂಬ ಭಯ ಅವಳಿಗೆ. ಆ ಎಂಜಿನ್ನಿಗೆ ಮೂವರನ್ನು ಎಳೆಯುವ ಶಕ್ತಿ ಇರಲಿಲ್ಲ. ನಾವಿಬ್ಬರೂ ಹಿಂದಿನಿಂದ ತಳ್ಳುತ್ತ ಓಡುತ್ತಿದ್ದೆವು. ಹ್ಯಾಂಡಲ್ ಹಿಡಿದಿದ್ದವಳು ನಿನ್ನ ತಾಯಿ. ಆಸ್ಪತ್ರೆಯ ಮುಂದಿನ ಇಳಿಜಾರಿನಲ್ಲಿ ನಾವು ಹಿಂದೆ ಬಿದ್ದೆವು. ಲಗೂ ಬರ್ರೋ ಎಂದು ಕೂಗುತ್ತ, ನಗುತ್ತ ಅವಳು ಮುಂದೆ ಹೋಗಿಬಿಟ್ಟಳು. ಆಗ ಆ ಗಾಡಿಯಲ್ಲಿ ಇದ್ದದ್ದು ನೀವಿಬ್ಬರೇ.