ಕಾಗದದಲ್ಲಿ ಯಾರ ಹೆಸರು

ದೇವಲಾಪುರ
೧೨-೮-೧೯೯೬

ಚೈತನ್ಯನ ಅಪ್ಪನಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು.

ಹೊಸೂರಿನಲ್ಲಿ ನಿಮ್ಮ ಆರೋಗ್ಯ ಹೇಗಿದೆ? ಪಾಳಿ ಮುಗಿಸಿ ಬರೀ ಟೀ ಕುಡಿದು ಮಲಗುತ್ತೀರಂತೆ, ನಿಮ್ಮ ಕಾರ್ಖಾನೆಯ ಚಿಕ್ಕಸ್ವಾಮಿ ಊರಿಗೆ ಬಂದಾಗ ಚಾಡಿ ಹೇಳಿದ. ಊಟ ಬಿಡಬೇಡಿ. ನಾವಿಲ್ಲಿ ಕ್ಷೇಮ ಅಂತ ಬರೆಯಲು ಕೈ ಬರುತ್ತಿಲ್ಲ. ನಮ್ಮ ಚೈತನ್ಯನಿಗೆ ಹತ್ತು ದಿನದಲ್ಲಿ ಎರಡು ಸಲ ಫಿಟ್ಸ್ ಬಂತು. ಎರಡನೆಯ ಸಲ ಊಟಕ್ಕೆ ಕೂತವನು ತಟ್ಟೆಯ ಮೇಲೇ ಬಿದ್ದ. ಅತ್ತೆ ಓಡಿಬಂದು ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ನಾನು ಅದನ್ನು ಕಿತ್ತು ಬಿಸಾಕಿ ಮಗುವನ್ನು ಮಗ್ಗುಲಿಗೆ ಹೊರಳಿಸಿದೆ. "ಇದೆಲ್ಲಾ ನಿಂಗೆಂಗವ್ವಾ ಗೊತ್ತು?" ಅಂದರು. ಎಲ್ಲೋ ಓದಿದ್ದೆ ಅಂದೆ.

ನರದ ಡಾಕ್ಟರಿಗೇ ತೋರಿಸಬೇಕು ಅಂದರು ನಾಗಮಂಗಲದ ಆಸ್ಪತ್ರೆಯಲ್ಲಿ. ಅಂಥವರು ಇಲ್ಲೆಲ್ಲಿ ಸಿಗುತ್ತಾರೆ ಹೇಳಿ? ಕೆ.ಆರ್. ಪೇಟೆ, ಪಾಂಡವಪುರ ಎಲ್ಲಾ ವಿಚಾರಿಸಿದೆ. ಕೊನೆಗೆ ಶ್ರೀರಂಗಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಶುಕ್ರವಾರ ಮಾತ್ರ ಮೈಸೂರಿನಿಂದ ಒಬ್ಬರು ಬರುತ್ತಾರೆ ಅಂತ ಗೊತ್ತಾಗಿ, ಮೂರು ಬಸ್ಸು ಬದಲಿಸಿ ಅತ್ತೆಯ ಜೊತೆ ಹೋದೆ. ನಿಮ್ಮ ಕಾರ್ಖಾನೆಯ ಇ.ಎಸ್.ಐ. ಕಾರ್ಡು ನಡೆಯುತ್ತಾ ಅಂತ ಕೇಳಿದರೆ ಚೀಟಿ ಬರೆಯುವವಳು, "ನಮ್ತಾವ ನಡೆಯಾಕಿಲ್ಲ ಕಣಕ್ಕಾ" ಅಂದುಬಿಟ್ಟಳು. ಡಾಕ್ಟರು ಪಾಪ ಒಳ್ಳೆಯವರು, ನೋಡಿದರು. ವಂಶದಲ್ಲಿ ಯಾರಿಗಾದರೂ ಇತ್ತಾ, ಗೊತ್ತಾದರೆ ಮುಂದಿನ ದಾರಿ ಸುಲಭ ಅಂದರು. "ನಮ್ಮ ವಂಸದಾಗೆ ಇಂಥದ್ದೆಲ್ಲಾ ಇಲ್ಲ ಬುಡಿ ಸ್ವಾಮಿ" ಅಂದರು ಅತ್ತೆ. ನಾನೂ ಇಲ್ಲ ಅಂದೆ.

ವರ್ಷಗಟ್ಟಲೆ ಮಾತ್ರೆ ನುಂಗಿಸಬೇಕಂತೆ. ಅದೆಲ್ಲ ನಿಮ್ಮ ಕಾರ್ಡಿನ ಮೇಲೆ ಮೈಸೂರಿನ ಇ.ಎಸ್.ಐ. ಆಸ್ಪತ್ರೆಯಲ್ಲೇ ಆಗುತ್ತದಂತೆ. ಆದರೆ ನೀವಿರುವುದು ತಮಿಳುನಾಡಿನಲ್ಲಿ, ಮನೆಯವರು ಕರ್ನಾಟಕದಲ್ಲಿ ಇದ್ದಾರೆ ಅಂತ ಒಬ್ಬೊಬ್ಬರ ಹೆಸರೂ ಬರೆಸಿ ಕಾರ್ಖಾನೆಯಿಂದ ಕಾಗದ ತರಬೇಕು. ಇಪ್ಪತ್ತಮೂರಕ್ಕೆ ಡಾಕ್ಟರು ಮತ್ತೆ ಬರಹೇಳಿದ್ದಾರೆ, ಅವತ್ತೇ ಮೈಸೂರಿಗೆ ಬರೆದುಕೊಡುತ್ತಾರಂತೆ. ಅಷ್ಟರಲ್ಲಿ ಕಳಿಸಿ, ದಮ್ಮಯ್ಯ. ಸಾಹೇಬರು ಸಿಕ್ಕಲಿಲ್ಲ ಅನ್ನುವ ಕತೆ ಬೇಡ. ನನಗೆ ಭಯವಾಗುತ್ತಿದೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಚೈತನ್ಯ ಮುತ್ತು ಕಳಿಸಿದ್ದಾನೆ. ಮೈ ಜೋಪಾನ.

ನಿಮ್ಮ
ಪ್ರಮೀಳಾ

ತಾ.ಕ.: ಮೇಲಿನದನ್ನೆಲ್ಲ ಅತ್ತೆ ಓದಿಸಿ ಕೇಳಿದರು. ಈಗ ಡೈರಿಗೆ ಹಾಲು ಹಾಕಲು ಹೋಗಿದ್ದಾರೆ, ಬೇಗ ಬರೆದುಬಿಡುತ್ತೇನೆ. ಆ ಫಿಟ್ಸ್ ನನಗೂ ಹದಿನೈದು ವರ್ಷದ ತನಕ ಬರುತ್ತಿತ್ತು ಕಣ್ರೀ. ನೀವು ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಹೇಳಬೇಡ ಅಂದರು. ಆಮೇಲೆ ಏಳು ವರ್ಷ ನಾನೇ ಹೇಳಲಿಲ್ಲ, ತಪ್ಪು ನನ್ನದೇ. ಇಪ್ಪತ್ತಮೂರರಂದು ಅತ್ತೆಯ ಎದುರಿಗೇ ಡಾಕ್ಟರಿಗೆ ಹೇಳುತ್ತೇನೆ. ಮಗುವಿನ ಹೆಸರನ್ನಂತೂ ಮರೆಯದೆ ಬರೆಸಿ. ಹೆಂಡತಿ ಅನ್ನುವ ಕಡೆ ನನ್ನ ಹೆಸರು ಬರೆಸುವುದು ನಿಮಗೆ ಬಿಟ್ಟದ್ದು. ಕಾಗದ ಬಂದಾಗ ಮೊದಲು ಅದನ್ನೇ ನೋಡುತ್ತೇನೆ.